ಸಿಇಟಿ ಸೀಟು ಹಂಚಿಕೆ: ಮೀಸಲಾತಿಯ ಲೆಕ್ಕ ಹೀಗಿದೆ

ಸಿಇಟಿ ಸೀಟು ಹಂಚಿಕೆಯ ಫಲಿತಾಂಶ ಬಂದ ವಾರ ಬೀದಿಬೀದಿಯಲ್ಲಿ ಒಂದೇ ಮಾತು. "ಅವನಿಗೆ ಸೀಟು ಸಿಕ್ಕಿತಂತೆ, ನಮ್ಮವಳಿಗೆ ಯಾಕೆ ಸಿಗಲಿಲ್ಲ?" ಮೀಸಲಾತಿ ಬೇಕೋ ಬೇಡವೋ ಎಂಬ ಜಗಳ ಶುರುವಾಗುವುದು ಇಲ್ಲಿಂದಲೇ. ಜಗಳಕ್ಕೆ ಮೊದಲು ಲೆಕ್ಕ ತಿಳಿದಿರಲಿ.

ಎಂಜಿನಿಯರಿಂಗ್ ಸೀಟನ್ನೇ ತೆಗೆದುಕೊಳ್ಳೋಣ. ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ ಸೇರಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರ್‍ಯಾಂಕ್ ಕೊಡುತ್ತದೆ. ಆಮೇಲೆ ಸರ್ಕಾರಿ ಸೀಟುಗಳು ವರ್ಗವಾರು ಹಂಚಿಕೆಯಾಗುತ್ತವೆ. 100 ಸೀಟು ಇವೆ ಅಂದುಕೊಳ್ಳಿ. ಪರಿಶಿಷ್ಟ ಜಾತಿಗೆ 17, ಪರಿಶಿಷ್ಟ ಪಂಗಡಕ್ಕೆ 7, ಹಿಂದುಳಿದ ವರ್ಗಗಳ ಪೈಕಿ ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಟ್ಟು 56. ಉಳಿದ 44 ಜಿಎಂ, ಅಂದರೆ ಜನರಲ್ ಮೆರಿಟ್.

ಬಹಳ ಜನ ತಪ್ಪು ತಿಳಿಯುವುದು ಈ 44ರ ವಿಷಯದಲ್ಲಿ. ಜಿಎಂ ಎಂದರೆ ಮೀಸಲಾತಿ ಇಲ್ಲದ ಜಾತಿಗಳಿಗೆ ಎತ್ತಿಟ್ಟ ಸೀಟಲ್ಲ. ಅದು ಎಲ್ಲರದು. 2ಎ ಹುಡುಗಿಗೆ ಒಳ್ಳೆಯ ರ್‍ಯಾಂಕ್ ಬಂದಿದ್ದರೆ ಅವಳು ಕೇಳಿದ ಕಾಲೇಜಿನಲ್ಲಿ ಮೊದಲು ಜಿಎಂ ಸೀಟು ಇದೆಯೇ ಎಂದು ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಮಾತ್ರ 2ಎ ಸೀಟು. ಹಾಗಾಗಿ ಅವಳನ್ನು "ಕೋಟಾದಲ್ಲಿ ಬಂದವಳು" ಎಂದು ಕರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಈ ಮಾತು ಕಾಲೇಜಿನ ಮೊದಲ ವರ್ಷದಲ್ಲಿ ಎಷ್ಟೋ ಮಕ್ಕಳ ಮನಸ್ಸು ಮುರಿದಿದೆ.

ಕಟ್-ಆಫ್ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಎಂದು ನೋಡಿರುತ್ತೀರಿ. ಜಿ ಎಂದರೆ ಸಾಮಾನ್ಯ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಇವು ಬೇರೆ ಡಬ್ಬಿಗಳಲ್ಲ, ಆಯಾ ವರ್ಗದ ಡಬ್ಬಿಯೊಳಗಿನ ಪಾಲು. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. 1ರಿಂದ 10ನೇ ತರಗತಿವರೆಗೆ ಪೂರಾ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ಕಡಿಮೆಯಾದರೂ ಆಗದು. ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಪಾಲು ಪ್ರತ್ಯೇಕವಾಗಿದೆ.

"ಶೇ 50 ದಾಟಬಾರದು ಅಂತಾರಲ್ಲ?" ಎಂದು ನೀವು ಕೇಳಬಹುದು. ಆ ಗೆರೆ ಹುಟ್ಟಿದ್ದೇ ನಮ್ಮ ರಾಜ್ಯದ ಮೊಕದ್ದಮೆಯಿಂದ. ಅಂದಿನ ಮೈಸೂರು ಸರ್ಕಾರ 1962ರ ಜುಲೈನಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಶೇ 68 ಸೀಟು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಲಿ ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನೇ ಗಟ್ಟಿ ಮಾಡಿತು. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲು 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿದಾಗ ಕರ್ನಾಟಕ ಆ ಗೆರೆ ದಾಟಿತು. ವಾದ ಇನ್ನೂ ನಿಂತಿಲ್ಲ. ಕೋಚಿಂಗ್ ಇಲ್ಲದೆ, ಲ್ಯಾಬ್ ಕಾಣದೆ ಪಿಯುಸಿ ಮುಗಿಸಿದ ಮಗುವಿನ ರ್‍ಯಾಂಕನ್ನೂ ನಗರದ ಮಗುವಿನ ರ್‍ಯಾಂಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ.

ಇನ್ನು ಕಾಗದಪತ್ರ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿ, ಇಲ್ಲವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಖರ್ಚು ಅಲ್ಪ, ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡಬೇಡಿ. 2ಎ, 2ಬಿ, 3ಎ, 3ಬಿ ವರ್ಗದವರು ಕೆನೆಪದರಕ್ಕೆ ಸೇರಿರಬಾರದು. ಅಂದರೆ ಮುಖ್ಯವಾಗಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಪ್ರವರ್ಗ-1ಕ್ಕೆ ಈ ಮಿತಿ ಇಲ್ಲ. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಕೆಇಎ ಕಂಪ್ಯೂಟರಿನಲ್ಲೇ ತಾಳೆ ನೋಡುತ್ತದೆ. ಪ್ರಮಾಣಪತ್ರ ಅಪ್ಪನ ಹೆಸರಿನಲ್ಲಿದ್ದರೆ ನಡೆಯದು, ಮಗುವಿನ ಹೆಸರಿನಲ್ಲೇ ಇರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಮೊದಲೇ ಸರಿಪಡಿಸಿ. ದಾಖಲೆ ತಾಳೆಯಾಗದಿದ್ದರೆ ಹಕ್ಕಿದ್ದರೂ ಜಿಎಂ ಎಂದೇ ಪರಿಗಣಿಸುತ್ತಾರೆ.

ಬಡ ಕುಟುಂಬದವರು ಎಸ್‌ಎನ್‌ಕ್ಯೂ ಬಗ್ಗೆಯೂ ವಿಚಾರಿಸಿ. ಇದು ಮಂಜೂರಾದ ಸೀಟುಗಳ ಮೇಲೆ ಕೊಡುವ ಹೆಚ್ಚುವರಿ ಶೇ 5. ಜಾತಿಯ ಲೆಕ್ಕವಿಲ್ಲ, ಆದಾಯದ ಲೆಕ್ಕ ಮಾತ್ರ. ಬೋಧನಾ ಶುಲ್ಕ ಮನ್ನಾ. ಮಗ ಅಥವಾ ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟ ತಿಂಗಳೇ ನಾಡಕಚೇರಿಗೆ ಹೋಗಿಬನ್ನಿ. ಏಪ್ರಿಲ್‌ನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.