ಸುಮ್ಮನಿದ್ದರೆ ಕಳ್ಳನಿಗೇ ಲಾಭ

ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಯಿತು ಎಂಬ ಭಾವನೆಯನ್ನು ನಾವು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೇವೆ. ಕೊಲ್ಲಿಗೆ ಬಂದ ಮೇಲೆ ಅದರ ಜೊತೆಗೆ ಇನ್ನೆರಡು ಭಯಗಳು ಸೇರಿಕೊಳ್ಳುತ್ತವೆ. ಭಾಷೆ ಬಾರದಿದ್ದರೆ ಹೇಗೆ? ವೀಸಾಕ್ಕೆ ಏನಾದರೂ ತೊಂದರೆಯಾದರೆ? ಹೀಗಾಗಿ ಹಣ ಕಳೆದುಕೊಂಡವರು ರೂಮಿನಲ್ಲೇ ನೊಂದು ಸುಮ್ಮನಾಗುತ್ತಾರೆ. ಮೋಸ ಮಾಡಿದವನು ಪಕ್ಕದ ಕ್ಯಾಂಪಿಗೆ ಹೋಗಿ ಅದೇ ಮೋಸವನ್ನು ಮತ್ತೊಬ್ಬರಿಗೆ ಮಾಡುತ್ತಾನೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ತಳವಾರ ಇರುತ್ತಿದ್ದ. ರಾತ್ರಿ ಊರು ಸುತ್ತುವವನು ಅವನೊಬ್ಬನೇ. ಆದರೆ ಹೊಸ ಮನುಷ್ಯ ಯಾರ ಜಗಲಿಯಲ್ಲಿ ಮಲಗಿದ್ದಾನೆ, ಯಾರ ಕೊಟ್ಟಿಗೆಯ ಕರು ಕಾಣೆಯಾಗಿದೆ ಎಂದು ಅವನಿಗೆ ತಿಳಿಸುತ್ತಿದ್ದವರು ಊರಿನವರು. ಜನ ಬಾಯಿ ಬಿಡದಿದ್ದರೆ ತಳವಾರನ ಕೋಲಿಗೆ ಬಲವಿರಲಿಲ್ಲ. ಇಂದಿನ ಪೊಲೀಸರ ಬಳಿ ಬೀದಿ ಬೀದಿಗೆ ಕ್ಯಾಮೆರಾ ಇದ್ದರೂ ಈ ಮಾತು ಬದಲಾಗಿಲ್ಲ. ಹತ್ತು ಮಂದಿ ಮಲಗುವ ರೂಮಿನೊಳಗೆ ಕ್ಯಾಮೆರಾ ಇಲ್ಲ. ಅಲ್ಲಿ ನಡೆಯುವುದು ಗೊತ್ತಿರುವುದು ನಮಗೆ ಮಾತ್ರ.

ಯುಎಇಯ ಪೊಲೀಸರು ಇದನ್ನು ಅರಿತೇ ಹಲವು ದಾರಿಗಳನ್ನು ತೆರೆದಿಟ್ಟಿದ್ದಾರೆ. ತುರ್ತು ಸಂದರ್ಭಕ್ಕೆ 999. ದುಬೈಯಲ್ಲಿ ತುರ್ತಲ್ಲದ ವಿಚಾರಕ್ಕೆ 901. ನಮ್ಮ ಹೆಸರು ಹೊರಬೀಳದಂತೆ ಮಾಹಿತಿ ಕೊಡಲು ದುಬೈಯಲ್ಲಿ 'ಅಲ್ ಅಮೀನ್' ಸೇವೆ (8004888), ಅಬುಧಾಬಿಯಲ್ಲಿ 'ಅಮಾನ್' ಸೇವೆ (8002626) ಇವೆ. ಅಬುಧಾಬಿ ಪೊಲೀಸರು 2016ರಲ್ಲಿ 'ನಾವೆಲ್ಲರೂ ಪೊಲೀಸರು' ಎಂಬ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಆರಂಭಿಸಿ, ಇಲ್ಲಿ ನೆಲೆಸಿದ ಹೊರದೇಶದವರನ್ನೂ ಅದರಲ್ಲಿ ಸೇರಿಸಿಕೊಂಡರು. ಕರೆ ಮಾಡಲು ದೊಡ್ಡ ಇಂಗ್ಲಿಷ್ ಬೇಕಿಲ್ಲ. ಎಲ್ಲಿ, ಏನು, ಯಾವಾಗ ಎಂದು ಹೇಳಲು ಬಂದರೆ ಸಾಕು. ಅದೂ ಕಷ್ಟವಾದರೆ ಮಾತು ಬಲ್ಲ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ.

ನಮ್ಮವರನ್ನು ಹೆಚ್ಚು ಕಾಡುವುದು ಫೋನಿನ ಮೋಸ. "ಪೊಲೀಸರು ಮಾತಾಡುತ್ತಿದ್ದೇವೆ, ನಿಮ್ಮ ಎಮಿರೇಟ್ಸ್ ಐಡಿ ಅಪ್‌ಡೇಟ್ ಆಗಿಲ್ಲ, ಈಗ ಬಂದ ಒಟಿಪಿ ಹೇಳಿ" ಎನ್ನುತ್ತಾರೆ. ನಿಜವಾದ ಪೊಲೀಸರಾಗಲಿ ಬ್ಯಾಂಕಿನವರಾಗಲಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಹಣ ಹೋದ ಕೂಡಲೇ ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಬೇಕು, ಆಮೇಲೆ ಪೊಲೀಸರಿಗೆ ದೂರು ಕೊಡಬೇಕು. ತಡಮಾಡಿದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕೈಗೆ ಸಿಗದಾಗುತ್ತದೆ.

ಆ ಹಣ ಹಾರಿಹೋಗುವ ಖಾತೆಗಳು ಯಾರವು? ಎಷ್ಟೋ ಸಲ ನಮ್ಮಂಥ ದುಡಿಯುವವರವೇ. "ನಿನ್ನ ಎಟಿಎಂ ಕಾರ್ಡ್ ನನ್ನ ಹತ್ತಿರ ಇರಲಿ, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದು ಯಾರೋ ಆಸೆ ತೋರಿಸುತ್ತಾರೆ. ನಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಡಲು ಕೇಳುತ್ತಾರೆ. ಕೊಟ್ಟವನಿಗೆ ಏನೂ ಗೊತ್ತಿರುವುದಿಲ್ಲ, ಆದರೆ ತನಿಖೆ ಬಂದು ನಿಲ್ಲುವುದು ಅವನ ಬಾಗಿಲಿಗೆ. ಸಿಮ್, ಬ್ಯಾಂಕ್ ಖಾತೆ, ಐಡಿ ಈ ಮೂರನ್ನೂ ಅಣ್ಣತಮ್ಮ ಕೇಳಿದರೂ ಕೊಡಬಾರದು.

ಇದೇ ಸಾಲಿಗೆ ಸೇರುವುದು ಊರಿನಿಂದ ಬರುವಾಗ ತರುವ 'ಸಣ್ಣ ಪೊಟ್ಟಣ'. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದರ ಅಪಾಯ ಚೆನ್ನಾಗಿ ಗೊತ್ತು. ನೋವಿನ ಮಾತ್ರೆ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್, ನರದ ನೋವಿಗೆ ಕೊಡುವ ಪ್ರೆಗಾಬಲಿನ್ ಇವೆಲ್ಲ ಇಲ್ಲಿ ನಿಯಂತ್ರಿತ ಔಷಧಗಳು. ಸ್ವಂತಕ್ಕೆ ಬೇಕಿದ್ದರೂ ವೈದ್ಯರ ಚೀಟಿ, ವರದಿ ಲಗತ್ತಿಸಿ ಪ್ರಯಾಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಸರ್ಕಾರದ ಅನುಮತಿ ಪಡೆಯಬೇಕು. ನಮ್ಮ ಹಬ್ಬದ ಪಾಯಸಕ್ಕೆ ಹಾಕುವ ಗಸಗಸೆ ಕೂಡ ಇಲ್ಲಿ ನಿಷಿದ್ಧ. ಪಕ್ಕದ ಮನೆಯವರೇ ಕೊಟ್ಟರೂ ಬಿಚ್ಚಿ ನೋಡದ ಪೊಟ್ಟಣವನ್ನು ಚೀಲಕ್ಕೆ ಹಾಕಬಾರದು.

ರೂಮಿನ ಗೆಳೆಯನೊಬ್ಬ ಮಾತ್ರೆಗೋ ಮಾದಕ ವಸ್ತುವಿಗೋ ದಾಸನಾಗಿದ್ದರೆ ನಾವು ಅದನ್ನು ಮುಚ್ಚಿಡುತ್ತೇವೆ. ಹೇಳಿದರೆ ಅವನ ಬದುಕು ಹಾಳಾಗುತ್ತದೆ ಎಂಬುದು ನಮ್ಮ ಲೆಕ್ಕ. ಆದರೆ ಯುಎಇಯ 2021ರ ಮಾದಕ ವಸ್ತು ಕಾನೂನು, ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದು ತನ್ನ ಬಳಿಯ ವಸ್ತುವನ್ನು ಒಪ್ಪಿಸಿ ಚಿಕಿತ್ಸೆ ಕೇಳುವ ವ್ಯಸನಿಯ ಮೇಲೆ ಮೊಕದ್ದಮೆ ಹೂಡಬಾರದು ಎನ್ನುತ್ತದೆ. ಗಂಡ ಹೆಂಡತಿ ಅಥವಾ ಹತ್ತಿರದ ಬಂಧುಗಳು ಅವನಿಗಾಗಿ ಚಿಕಿತ್ಸೆ ಕೇಳಿದರೂ ಅದೇ ರಕ್ಷಣೆ. ಹಾಗಾಗಿ ಅವನಿಗೆ ಬುದ್ಧಿ ಹೇಳಿ ಮುಂಚೆಯೇ ಕರೆದೊಯ್ಯುವುದು ನಿಜವಾದ ಸ್ನೇಹ.

ಪೊಲೀಸರಿಗೆ ಹೇಳುವ ಬದಲು ವಾಟ್ಸ್‌ಆ್ಯಪ್‌ಗೆ ಹೇಳುವುದು ಇನ್ನೊಂದು ರೋಗ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿಸಿಕೊಳ್ಳೋಣ. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕೆಲವು ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಹಬ್ಬಿಸಿದರು. ಜನ ಸೇರಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಪೆಟ್ಟು ತಿಂದವರಲ್ಲಿ ಕತಾರಿನಿಂದ ಬಂದಿದ್ದ ಅತಿಥಿಯೂ ಇದ್ದರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಆ ಗುಂಪಿನಲ್ಲಿ ಯಾರಾದರೂ ಫಾರ್ವರ್ಡ್ ಮಾಡುವ ಬದಲು ಠಾಣೆಗೆ ಒಂದು ಕರೆ ಮಾಡಿ ಕಾದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಯುಎಇಯಲ್ಲಂತೂ ಆನ್‌ಲೈನ್‌ನಲ್ಲಿ ಸುಳ್ಳು ಸುದ್ದಿ ಹರಡಿದರೆ ಕನಿಷ್ಠ 1 ವರ್ಷ ಜೈಲು, ಕನಿಷ್ಠ 1 ಲಕ್ಷ ದಿರ್ಹಂ ದಂಡವಿದೆ.

ಊರಿನಲ್ಲಿರುವ ನಮ್ಮ ಅಪ್ಪ ಅಮ್ಮಂದಿರನ್ನೂ ಮರೆಯುವಂತಿಲ್ಲ. ಮಗ ದುಬೈಯಲ್ಲಿದ್ದಾನೆ ಎಂದು ತಿಳಿದೇ "ನಿಮ್ಮ ಮಗನ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರಿದ್ದಾರೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ಮನೆಯವರು ತಕ್ಷಣ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಲು ಈ ವಾರವೇ ಹೇಳೋಣ. ಕರ್ನಾಟಕದಲ್ಲಿ 2025ರಲ್ಲಿ 'ಮನೆ ಮನೆಗೆ ಪೊಲೀಸ್' ಯೋಜನೆ ಆರಂಭವಾಗಿದೆ. ಬೀಟ್ ಪೊಲೀಸರು ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳದೆ, ಕೂರಿಸಿ ನೀರು ಕೊಟ್ಟು, ವಯಸ್ಸಾದವರಿಬ್ಬರೇ ಇದ್ದೇವೆ ಎಂದು ತಿಳಿಸಲಿ.

ನಮ್ಮ ಸಂಘಗಳು ಮಾಡಬಹುದಾದ ಕೆಲಸವೂ ಇದೆ. ರಾಜ್ಯೋತ್ಸವ, ಯುಗಾದಿಯ ವೇದಿಕೆಯಲ್ಲಿ ಹತ್ತು ನಿಮಿಷವನ್ನು ಇಂಥ ವಿಷಯಕ್ಕೆ ಬಿಡಬಹುದು. ಸೋನಾಪುರ, ಅಲ್ ಕೂಝ್, ಮುಸಫ್ಫಾದ ಕ್ಯಾಂಪುಗಳಿಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ತಲುಪಿಸಬಹುದು. ಠಾಣೆಗೆ ಒಬ್ಬನೇ ಹೋಗಲು ಹೆದರುವವನ ಜೊತೆಗೆ ಭಾಷೆ ಬಲ್ಲ ಇಬ್ಬರು ಸದಸ್ಯರು ಹೋಗಬಹುದು. ದೂರು ಕೊಡುವವನಿಗೆ "ಯಾಕಪ್ಪಾ ಬೇಕಿತ್ತು" ಎನ್ನುವುದನ್ನು ಬಿಟ್ಟು "ನಡಿ, ನಾವೂ ಬರುತ್ತೇವೆ" ಎನ್ನಲು ಕಲಿತರೆ, ನಮ್ಮ ಮೌನವನ್ನು ನಂಬಿ ಬದುಕುವ ಕಳ್ಳರಿಗೆ ಇಲ್ಲಿ ನೆಲೆ ಸಿಗದು.