ಮಾನಿಟರ್ ಮುಂದೆ ಕೂರುವ ಮುನ್ನ

ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಪ್ರಶ್ನೆಗಿಂತ ಮೆಚ್ಚುಗೆಯೇ ಹೆಚ್ಚು. ಮೊಳಕಾಲ್ಮುರಿನಿಂದ ಬಂದ ಒಂದು ಪತ್ರ ಹಾಗಿರಲಿಲ್ಲ. ಬರೆದಾಕೆ ದ್ವಿತೀಯ ಪಿ.ಯು. ವಿದ್ಯಾರ್ಥಿನಿ. ತಂದೆ ರೇಷ್ಮೆ ಸೀರೆ ನೇಯುವವರು. ಕಾಲೇಜು ಮುಗಿದ ಮೇಲೆ ಈಕೆ ಬಂಧುಗಳ ಡಿ.ಟಿ.ಪಿ. ಅಂಗಡಿಯಲ್ಲಿ ರಾತ್ರಿ ಒಂಬತ್ತರವರೆಗೆ ಟೈಪು ಮಾಡುತ್ತಾಳೆ. ಅದರಿಂದ ಬರುವ ಹಣದಲ್ಲೇ ಮುಂದೆ ಪದವಿಗೆ ಸೇರುವ ಆಸೆ. ಆದರೆ ಕೆಲವು ತಿಂಗಳಿಂದ ಕಣ್ಣು ಉರಿ, ತಲೆನೋವು, ಕತ್ತು ನೋವು. ಜೊತೆಗೆ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. "ಅದು ಮಾನಿಟರಿನ ಕಿರಣ, ಮೈಗೆಲ್ಲ ಹರಡುತ್ತೆ, ಬಿಟ್ಟುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನಾನು ಬಿಡಬೇಕೇ ಸಾರ್?" ಇಷ್ಟೇ ಪತ್ರ.

ಕಣ್ಣಿನ ವೈದ್ಯರನ್ನು ಕೂರಿಸಿಕೊಂಡು ಸ್ಟುಡಿಯೋದಲ್ಲೇ ಉತ್ತರ ಹೇಳಿಸಬಹುದಿತ್ತು. ಆದರೆ ಆ 'ಜುಮ್' ಎಂಬ ಮಾತು ನನ್ನನ್ನು ಬಿಡಲಿಲ್ಲ. ಕ್ಯಾಮೆರಾ ಕಟ್ಟಿಕೊಂಡು ಚಳ್ಳಕೆರೆ, ಮೊಳಕಾಲ್ಮುರುಗಳಿಗೆ ನಾವೇ ಹೊರಟೆವು. ದಾರಿಯಲ್ಲಿ ಆಡಿದ ಮಾತು, ಅಲ್ಲಿ ಕಂಡದ್ದು, ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹಿಡಿಸದೆ ಉಳಿದದ್ದು, ಇವೆಲ್ಲ ಈ ಲೇಖನದಲ್ಲಿವೆ.

ಮೊದಲು ಕಿರಣದ ವಿಚಾರ. ಮನೆಯವರ ಅಂಜಿಕೆ ಬುಡವಿಲ್ಲದ್ದಲ್ಲ, ಹಳೆಯದು, ಅಷ್ಟೆ. ನಾನು ಹುಡುಗನಾಗಿದ್ದಾಗ ಟಿ.ವಿ.ಯಾಗಲಿ ಮಾನಿಟರಾಗಲಿ ಹಿಂಭಾಗ ಉಬ್ಬಿದ ದಪ್ಪ ಪೆಟ್ಟಿಗೆಯಾಗಿತ್ತು. ಅದರೊಳಗೆ ಗಾಳಿ ತೆಗೆದ ಒಂದು ಗಾಜಿನ ಬುರುಡೆ. ಅದರ ಕತ್ತಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಸುಮಾರು 25,000 ವೋಲ್ಟಿನ ಸೆಳೆತ ಮುಂದಿನ ಗಾಜಿಗೆ ಅಪ್ಪಳಿಸುತ್ತಿತ್ತು; ಗಾಜಿನ ಒಳಮೈಗೆ ಬಳಿದ ರಂಜಕ ಹೊಳೆದು ಚಿತ್ರ ಮೂಡುತ್ತಿತ್ತು. ಅಷ್ಟು ವೇಗದ ಎಲೆಕ್ಟ್ರಾನು ಥಟ್ಟನೆ ನಿಂತರೆ ಅಲ್ಪಸ್ವಲ್ಪ ಕ್ಷಕಿರಣ ಹುಟ್ಟುವುದು ನಿಜ. ಅಮೆರಿಕದಲ್ಲಿ 1967ರಲ್ಲಿ ಒಂದು ಕಂಪನಿಯ ಬಣ್ಣದ ಟಿ.ವಿ.ಗಳು ಮಿತಿ ಮೀರಿ ಕ್ಷಕಿರಣ ಸೂಸುತ್ತಿರುವುದು ಪತ್ತೆಯಾಗಿ ದೊಡ್ಡ ಗದ್ದಲವಾಯಿತು. ಮರುವರ್ಷವೇ ಅಲ್ಲಿ ಕಾನೂನು ಬಂತು. ಪೆಟ್ಟಿಗೆಯಿಂದ 5 ಸೆಂಟಿಮೀಟರ್ ದೂರದಲ್ಲಿ ಗಂಟೆಗೆ 0.5 ಮಿಲಿರಾಂಟ್ಜನ್ ಮೀರಕೂಡದೆಂದು ಗೆರೆ ಎಳೆದರು. ತಯಾರಕರು ಗಾಜಿಗೆ ಸೀಸ ಬೆರೆಸಿ ಕಿರಣವನ್ನು ಅಲ್ಲೇ ತಡೆದರು. 'ಟಿ.ವಿ. ಹತ್ತಿರ ಕೂರಬೇಡ' ಎಂಬ ಬೈಗುಳದ ಹಿಂದೆ ಈ ಕಥೆಯ ಪಾಲೂ ಇದೆ.

ಈಗ ನಿಮ್ಮ ಮೇಜಿನ ಮೇಲಿರುವ ಚಪ್ಪಟೆ ಮಾನಿಟರಿನಲ್ಲಿ ಆ ಬುರುಡೆಯೇ ಇಲ್ಲ. ಎಲೆಕ್ಟ್ರಾನಿನ ಹೊಡೆತವಿಲ್ಲ, ಆದ್ದರಿಂದ ಕ್ಷಕಿರಣವೂ ಇಲ್ಲ. ಹಿಂದಿನಿಂದ ಎಲ್.ಇ.ಡಿ. ಬೆಳಕು, ಮುಂದೆ ಅದನ್ನು ಚುಕ್ಕೆ ಚುಕ್ಕೆಯಾಗಿ ಬಿಡುವ, ತಡೆಯುವ ದ್ರವ ಸ್ಫಟಿಕದ ಪದರ. ಅದರಿಂದ ಬರುವುದು ಬರೀ ಬೆಳಕು. 'ಹಾಗಾದರೆ ನೀಲಿ ಬೆಳಕು?' ಎಂದು ಕೇಳುವಿರಿ. ಚಳ್ಳಕೆರೆಯ ಮಧ್ಯಾಹ್ನ ಒಮ್ಮೆ ಅಂಗಳಕ್ಕೆ ಬಂದು ನಿಂತರೆ ಆಕಾಶದಿಂದ ಕಣ್ಣಿಗೆ ಬೀಳುವ ನೀಲಿಯ ಮುಂದೆ ಮಾನಿಟರಿನದು ಏನೇನೂ ಅಲ್ಲ. ನೀಲಿ ತಡೆಯುವ ಕನ್ನಡಕಗಳ ಬಗ್ಗೆ ನಡೆದ 17 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸ ಅವುಗಳಿಂದ, ಅಲ್ಪಾವಧಿಯಲ್ಲಂತೂ, ತಗ್ಗುವುದಾಗಿ ಕಾಣಲಿಲ್ಲ. ಆ ದುಡ್ಡು ಉಳಿಸಿ. ರಾತ್ರಿ ಮಲಗುವ ಹೊತ್ತಿನಲ್ಲಿ ಪ್ರಖರ ತೆರೆ ನೋಡುತ್ತಿದ್ದರೆ ನಿದ್ರೆ ಮುಂದಕ್ಕೆ ಹೋಗುತ್ತದೆ. ಆ ತೊಂದರೆ ಬೇರೆ, ಅದಕ್ಕೆ ಮದ್ದು ಮಾನಿಟರ್ ಆರಿಸುವುದು.

ಹಾಗಾದರೆ ಕಣ್ಣು ಉರಿಯುವುದೇಕೆ? ಈ ಪುಟವನ್ನು ಓದುತ್ತಾ ನೀವು ಎಷ್ಟು ಬಾರಿ ರೆಪ್ಪೆ ಬಡಿದಿರಿ ಎಂದು ಎಣಿಸಲಾರಿರಿ. ಪಕ್ಕದವರಿಗೆ ಹೇಳಿ ಎಣಿಸಿ. ಸಾಮಾನ್ಯವಾಗಿ ಮಾತನಾಡುತ್ತಾ ಕುಳಿತಾಗ ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುತ್ತದೆ. ತೆರೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಕಣ್ಣಿನ ಮೇಲೆ ಕಣ್ಣೀರಿನ ಒಂದು ತೆಳು ಪೊರೆಯಿದೆ. ಅದರ ಮೇಲ್ಪದರ ಎಣ್ಣೆ, ನೀರು ಆರದಂತೆ ಕಾಯುವುದು ಅದೇ. ರೆಪ್ಪೆ ಬಡಿದಾಗಲೆಲ್ಲ ಆ ಎಣ್ಣೆ ಹೊಸದಾಗಿ ಹರಡುತ್ತದೆ. ಬಡಿಯದಿದ್ದರೆ ಪೊರೆ ಅಲ್ಲಲ್ಲಿ ಹರಿದು ಕಣ್ಣು ಬರಿದಾಗುತ್ತದೆ. ಮಳೆ ಕಡಿಮೆಯ ಈ ಸೀಮೆಯ ಒಣ ಗಾಳಿ, ರಸ್ತೆಯ ಧೂಳು, ಸೆಖೆಗೆಂದು ಮುಖಕ್ಕೇ ತಿರುಗಿಸಿಟ್ಟ ಟೇಬಲ್ ಫ್ಯಾನು: ಉರಿಗೆ ಇನ್ನೇನು ಬೇಕು? ಫ್ಯಾನಿನ ಮುಖವನ್ನು ಬೆನ್ನಿನ ಕಡೆಗೋ ಕಾಲಿನ ಕಡೆಗೋ ತಿರುಗಿಸಿ. ಅರ್ಧ ಉರಿ ಅಲ್ಲೇ ಕಡಿಮೆಯಾಗುತ್ತದೆ.

ಚಳ್ಳಕೆರೆಯಲ್ಲಿ ನಮಗೆ ಸಿಕ್ಕ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಕತ್ತಿನ ನೋವಿನ ಒಗಟನ್ನು ಬಿಡಿಸಿದರು. 2001ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕು ಕಚೇರಿಗಳಲ್ಲಿ 'ಭೂಮಿ' ಯೋಜನೆ ನಡೆಯುತ್ತಿತ್ತು. ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ರೈತರು 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವಂತಾಯಿತು. ಚಳ್ಳಕೆರೆ, ಮೊಳಕಾಲ್ಮುರುಗಳ ಎಷ್ಟೋ ರೈತರು ಮೊದಲ ಬಾರಿಗೆ ಮಾನಿಟರನ್ನು ಹತ್ತಿರದಿಂದ ಕಂಡದ್ದು ಅಲ್ಲೇ. ಕೌಂಟರಿನಲ್ಲಿ ಎರಡು ಮಾನಿಟರ್ ಇಡುವ ಏರ್ಪಾಡಿತ್ತು: ಒಂದು ಕೆಲಸ ಮಾಡುವವರ ಕಡೆಗೆ, ಇನ್ನೊಂದು ರೈತನ ಕಡೆಗೆ, ತನ್ನ ಹೊಲದ ಲೆಕ್ಕ ಸರಿಯಾಗಿ ಬೀಳುತ್ತಿದೆಯೇ ಎಂದು ಆತನೇ ನೋಡಿಕೊಳ್ಳಲೆಂದು.

"ರೈತ ತೆರೆ ಒಂದನ್ನೇ ನೋಡ್ತಿದ್ದ ಸಾರ್. ನಮಗೆ ಎರಡು ಕಡೆ ನೋಟ. ಮೇಜಿನ ಮೇಲೆ ಮಲಗಿಸಿದ ವಹಿ ಒಂದು, ಎದುರಿಗೆ ನಿಂತ ತೆರೆ ಒಂದು. ಸಂಜೆ ಹೊತ್ತಿಗೆ ಕತ್ತು ಹಿಡಿದುಹೋಗೋದು" ಎಂದರು ಅವರು. ನೋಡಿ, ವಿಜ್ಞಾನ ಪದವೀಧರ ಎಂದು ಹೇಳಿಕೊಳ್ಳುವ ನನಗೆ ಇದು ಹೊಳೆದಿರಲಿಲ್ಲ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಬೆನ್ನುಮೂಳೆಯ ಮೇಲೆ ಕೂತಿರುತ್ತದೆ. ಬಾಗಿದಾಗ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಜಗ್ಗಿ ಹಿಡಿಯಬೇಕು. ಟೈಪು ಮಾಡುವವರು ದಿನಕ್ಕೆ ಸಾವಿರಾರು ಬಾರಿ ಹೀಗೆ ತಲೆ ಇಳಿಸಿ ಏರಿಸುತ್ತಾರೆ. ಕಣ್ಣಿಗೂ ಅದೇ ಪಾಡು: ಹಾಳೆಯ ದೂರ ಒಂದು, ತೆರೆಯ ದೂರ ಇನ್ನೊಂದು. ಕಣ್ಣೊಳಗಿನ ಮಸೂರವನ್ನು ಉಬ್ಬಿಸುವ ಪುಟ್ಟ ಸ್ನಾಯು ಪ್ರತಿಬಾರಿಯೂ ಹೊಸದಾಗಿ ಹೊಂದಿಕೊಳ್ಳಬೇಕು. ಮೂಲ ಹಾಳೆಯನ್ನು ಮಾನಿಟರಿನ ಪಕ್ಕದಲ್ಲೇ, ಅಷ್ಟೇ ಎತ್ತರದಲ್ಲಿ, ಅಷ್ಟೇ ದೂರದಲ್ಲಿ ನಿಲ್ಲಿಸಿದರೆ ಈ ಎರಡೂ ಕಷ್ಟ ತಪ್ಪುತ್ತವೆ. ಅಂಗಡಿಯಲ್ಲಿ ಅದಕ್ಕೆಂದೇ ಸ್ಟ್ಯಾಂಡು ಸಿಗುತ್ತದೆ. ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟು, ಅದಕ್ಕೆ ಆಸರೆಯಾಗಿ ಎರಡು ಇಟ್ಟಿಗೆ ಆದರೂ ಸಾಕು.

ಮಾನಿಟರಿನ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ನೋಟ ಸ್ವಲ್ಪ ಇಳಿದಿದ್ದರೆ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿರುತ್ತದೆ, ಕಣ್ಣೀರು ಬೇಗ ಆರುವುದಿಲ್ಲ. ದೂರ ಒಂದು ತೋಳಿನಷ್ಟು. ಅಷ್ಟು ದೂರಕ್ಕೆ ಅಕ್ಷರ ಕಾಣದಿದ್ದರೆ ಮುಖ ಮುಂದೆ ಚಾಚಬೇಡಿ, ಅಕ್ಷರವನ್ನು ದೊಡ್ಡದು ಮಾಡಿ. ಕನ್ನಡಕ್ಕೆ ಇದು ಇನ್ನೂ ಮುಖ್ಯ, ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಮುದುಡಿ ಕೂತಿರುತ್ತವೆ. ಷ್ಟ, ಷ್ಠಗಳ ವ್ಯತ್ಯಾಸಕ್ಕೆ ಕಣ್ಣು ಕಿರಿದು ಮಾಡುವ ಬದಲು ಅಳತೆ ಎರಡು ಹೆಜ್ಜೆ ಏರಿಸಿ. ಲ್ಯಾಪ್‌ಟಾಪಿನಲ್ಲಿ ತೆರೆ, ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ದಪ್ಪ ಪುಸ್ತಕಗಳ ಮೇಲೆ ಅದನ್ನೇರಿಸಿ ಬೇರೆ ಕೀಲಿಮಣೆ ಸಿಕ್ಕಿಸುವುದೇ ದಾರಿ. ನನ್ನ ಹಾಗೆ ನಲವತ್ತು ದಾಟಿ ಚಾಳೀಸು ಬಂದವರಿಗೆ (ಹಿಂದಿಯ ನಲವತ್ತೇ ನಮ್ಮ ಚಾಳೀಸು) ಮಾನಿಟರ್ ಇನ್ನಷ್ಟು ತಗ್ಗಿನಲ್ಲಿರಬೇಕು, ಇಲ್ಲವಾದರೆ ಕನ್ನಡಕದ ಕೆಳಭಾಗದಿಂದ ನೋಡಲು ಗದ್ದ ಎತ್ತಿ ಕೂರುತ್ತೇವೆ. ನಿಮ್ಮ ಮೇಷ್ಟ್ರು ಹಾಗೆ ಕೂತಿದ್ದರೆ ನಗಬೇಡಿ, ಮಾನಿಟರ್ ಇಳಿಸಿಕೊಡಿ.

ಬಿ.ಜಿ.ಕೆರೆ ದಾಟಿ ಮೊಳಕಾಲ್ಮುರು ಸೇರಿದಾಗ ಮಧ್ಯಾಹ್ನ. ಪತ್ರ ಬರೆದ ಹುಡುಗಿಯ ತಂದೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರಮಾಲೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಉಪಾಯ ಅದು: ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇದೇ ರಟ್ಟನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಯೋಚಿಸಿದ. ತೂತಿನ ಕಾರ್ಡುಗಳಿಂದಲೇ 1890ರ ಅಮೆರಿಕದ ಜನಗಣತಿಯನ್ನು ಹಾಲೆರಿತ್ ಎಣಿಸಿದ. ಮಗಳ ಕಂಪ್ಯೂಟರಿಗೆ ಅಪ್ಪನ ಮಗ್ಗ ದೂರದ ಬಂಧು ಎಂದೆ. ಅವರು ನಕ್ಕರು, ನಂಬಲಿಲ್ಲ.

ಆದರೆ ನನಗೆ ಬೇಕಿದ್ದ ಪಾಠ ಅಲ್ಲೇ ಇತ್ತು. ಅವರೂ ದಿನವಿಡೀ ಹತ್ತಿರದ ಎಳೆಗಳನ್ನೇ ನೋಡುವವರು. ಮಗ್ಗ ಮಾತ್ರ ಕಿಟಕಿಗೆ ಅಡ್ಡಲಾಗಿತ್ತು. ಬೆಳಕು ಪಕ್ಕದಿಂದ ಬೀಳುತ್ತಿತ್ತು. ಲಾಳಿ ಮುಗಿದಾಗ, ಎಳೆ ಹರಿದಾಗ ಎದ್ದು ಓಡಾಡುತ್ತಿದ್ದರು. ಮಾನಿಟರಿಗೂ ಇದೇ ಸರಿ. ಕಿಟಕಿ ಅದರ ಬೆನ್ನಿಗಿದ್ದರೆ ಹೊರಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಬೆನ್ನಿಗಿದ್ದರೆ ತೆರೆಯಲ್ಲಿ ಪ್ರತಿಫಲಿಸುತ್ತದೆ, ಪಕ್ಕದಲ್ಲಿರಲಿ. ಒಂದು ಬಿಳಿ ಹಾಳೆಯನ್ನು ತೆರೆಯ ಪಕ್ಕ ಹಿಡಿದು ನೋಡಿ. ತೆರೆಯ ಬಿಳುಪು ದೀಪದಂತೆ ಉರಿಯುತ್ತಿದ್ದರೆ ಬೆಳಕು ತಗ್ಗಿಸಿ, ಹಾಳೆಗಿಂತ ಮಂಕಾಗಿದ್ದರೆ ಏರಿಸಿ. ಮಗ್ಗದಲ್ಲಿ ಎಳೆ ಹರಿದು ಎಬ್ಬಿಸುತ್ತದೆ, ಕಂಪ್ಯೂಟರ್ ಎಬ್ಬಿಸುವುದಿಲ್ಲ. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಯ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು; ಕಣ್ಣಿನ ಸ್ನಾಯು ಸಡಿಲವಾಗುತ್ತದೆ. ಅಮೃತಮಹಲ್ ಕಾವಲುಗಳ ಈ ಬಯಲು ನಾಡಿನಲ್ಲಿ ಬಾಗಿಲಿಗೆ ಬಂದರೆ ದೂರ ನೋಡಲು ಏನಕ್ಕೂ ಕೊರತೆಯಿಲ್ಲ. ಚಿಕ್ಕ ತಮ್ಮ ತಂಗಿಯರಿದ್ದರೆ ದಿನಕ್ಕೆ ಎರಡು ಗಂಟೆಯಾದರೂ ಹೊರಗೆ ಆಡಲು ಅಟ್ಟಿ; ಹಗಲ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯಲು ನೆರವಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ.

ಇನ್ನು ಆ ಜುಮ್. ಸಂಜೆ ಅಂಗಡಿಗೆ ಹೋದೆವು. ನಮ್ಮ ತಂಡದ ಎಲೆಕ್ಟ್ರಿಷಿಯನ್ ಮೀಟರಿನ ಒಂದು ತುದಿಯನ್ನು ಕಂಪ್ಯೂಟರಿನ ಲೋಹದ ಪೆಟ್ಟಿಗೆಗೂ ಇನ್ನೊಂದನ್ನು ನೀರಿನ ಕಬ್ಬಿಣದ ಕೊಳವೆಗೂ ತಾಗಿಸಿದ. 108 ವೋಲ್ಟ್! ಹುಡುಗಿ ಬೆರಗಾಗಿ ನೋಡಿದಳು. ಕಾರಣ ಸರಳ. ವಿದ್ಯುತ್ ಗದ್ದಲವನ್ನು ಸೋಸಲೆಂದು ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಫೇಸಿನಿಂದ ಪೆಟ್ಟಿಗೆಗೆ ಒಂದು, ನ್ಯೂಟ್ರಲಿನಿಂದ ಪೆಟ್ಟಿಗೆಗೆ ಒಂದು, ಹೀಗೆ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಸೋರುವ ಅತಿ ಸಣ್ಣ ಪ್ರವಾಹ ಅರ್ಥ್ ತಂತಿಯಲ್ಲಿ ಹರಿದು ನೆಲ ಸೇರಬೇಕು. ಆ ತಂತಿ ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಮಾನಿಟರಿನ ಕೇಬಲ್ಲಿನ ಲೋಹಕ್ಕೂ ಅದೇ ಗತಿ. ಆ ಅಂಗಡಿಯ ಸಾಕೆಟ್ಟಿಗೆ ಮೂರು ತೂತುಗಳಿದ್ದವು, ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ.

ಸೋರುವ ಪ್ರವಾಹ ಒಂದು ಮಿಲಿಆಂಪಿಯರಿಗೂ ಕಡಿಮೆ, ಆದ್ದರಿಂದ ಬರೀ ಜುಮ್. ಆದರೆ ಒಳಗಿನ ತಂತಿಯ ಹೊದಿಕೆ ಸುಟ್ಟು ಫೇಸ್ ನೇರವಾಗಿ ಪೆಟ್ಟಿಗೆಗೆ ತಾಗಿದ ದಿನ ಅದೇ ಪೆಟ್ಟಿಗೆ ಜೀವ ತೆಗೆಯಬಲ್ಲುದು. ಮನೆಯವರು ಇಲ್ಲದ ಕಿರಣಕ್ಕೆ ಅಂಜುತ್ತಿದ್ದರು. ಇದ್ದ ಅಪಾಯ ದಿನವೂ ಬೆರಳು ತಟ್ಟಿ ಹೇಳುತ್ತಿತ್ತು.

ತಂತಿ ಹಾಕಿಸಿದರೆ ಮುಗಿಯಿತೇ? ಈ ನೆಲದಲ್ಲಿ ಇಲ್ಲ. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಓಮನ ನಿಯಮ ಹಾಕಿ ನೋಡಿ: ಬೇಸಿಗೆಯಲ್ಲಿ ಅರ್ಥ್ ಗುಂಡಿಯ ರೋಧ 100 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು ಬರೀ 2.3 ಆಂಪಿಯರ್. 15 ಆಂಪಿಯರಿನ ಫ್ಯೂಸು ಅದಕ್ಕೆ ಕರಗುವುದೇ ಇಲ್ಲ, ಪೆಟ್ಟಿಗೆಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಗುಂಡಿಗೆ ಇದ್ದಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯುವ ಹಿರಿಯರ ರೂಢಿ ಇದಕ್ಕೇ. ಜೊತೆಗೆ 30 ಮಿಲಿಆಂಪಿಯರ್ ಸೋರಿದರೂ ಸಾಲನ್ನು ಕಡಿಯುವ ಆರ್.ಸಿ.ಸಿ.ಬಿ. ಹಾಕಿಸುವುದು ಉತ್ತಮ. ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದು ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿಯುವವರಿದ್ದಾರೆ. ಅದು ಕಂಪ್ಯೂಟರ್ ಕೆಲಸ ಮಾಡಲು ಬೇಡ, ನೀವು ಬದುಕಲು ಬೇಕು. ಗುಡುಗು ಶುರುವಾದ ಮೇಲೆ ಪ್ಲಗ್ಗಿಗೆ ಕೈ ಹಾಕಬೇಡಿ, ಮೋಡ ಕಟ್ಟಿದಾಗಲೇ ಕಿತ್ತಿಡಿ, ಇಂಟರ್‌ನೆಟ್ಟಿನ ತಂತಿಯನ್ನೂ.

ಅಂಗಡಿಯ ಮೂಲೆಯಲ್ಲಿ ಹಳೆಯ ಬುರುಡೆ ಮಾನಿಟರ್ ಒಂದಿತ್ತು. ಅದನ್ನು ಬಿಚ್ಚಬೇಡಿ ಎಂದೆವು. ಆರಿಸಿದ ಮೇಲೂ ಒಳಗೆ ಬಲವಾದ ಆವೇಶ ಉಳಿದಿರಬಹುದು. ಒಡೆದರೆ ಗಾಜು ಒಳಕ್ಕೆ ಕುಸಿದು ಸಿಡಿಯುತ್ತದೆ, ಅದರಲ್ಲಿ ಸೀಸವಿದೆ. ಇಂಥವನ್ನು ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೇ ತಲುಪಿಸಬೇಕೆಂದು ಇ-ತ್ಯಾಜ್ಯದ ನಿಯಮಗಳು 2012ರಿಂದಲೂ ಹೇಳುತ್ತಿವೆ.

ಅಂಗಡಿಯವರು ಮರುದಿನವೇ ಗುಂಡಿ ತೋಡಿಸಿದರು. ನಾವು ಹೊರಡುವ ಮುನ್ನ ಮತ್ತೆ ಮೀಟರ್ ಹಿಡಿದಾಗ ಅರ್ಧ ವೋಲ್ಟೂ ಇರಲಿಲ್ಲ. ತಂದೆಯನ್ನೂ ಕರೆಸಿದ್ದೆವು. ಅವರು ಮುಷ್ಟಿಯ ಹಿಂಭಾಗದಿಂದ ಪೆಟ್ಟಿಗೆಯನ್ನು ಮೆಲ್ಲನೆ ತಾಗಿಸಿ ನೋಡಿದರು, ಇನ್ನೊಮ್ಮೆ ತಾಗಿಸಿದರು. ಆಮೇಲೆ ಕಿಟಕಿಯ ಕಡೆ ನೋಡಿ, "ಅವ್ವಾ, ಈ ಮೇಜು ಹಿಂಗೆ ಅಡ್ಡಕ್ಕೆ ತಿರುಗಿಸು, ಬೆಳಕು ಎಡಕ್ಕೆ ಬರ್ಲಿ" ಎಂದು ಮಗಳಿಗೆ ಹೇಳಿ ತಾವೇ ಒಂದು ತುದಿ ಹಿಡಿದರು.