ಕನಕಪುರ ಅಳಿಸಿದ ಗೆರೆಯೇ ಕೂಕಟ್‌ಪಲ್ಲಿ ಬರೆಯಿತು

ಹೈದರಾಬಾದಿನ ಕೂಕಟ್‌ಪಲ್ಲಿಯ ಚುನಾವಣಾ ಚರಿತ್ರೆ ಕೆದಕುತ್ತಾ ಹಿಂದಕ್ಕೆ ಹೋಗಿ ನೋಡಿ. 2009ಕ್ಕೆ ಬಂದು ದಾರಿ ತಟ್ಟನೆ ಮುಗಿಯುತ್ತದೆ. ಅದಕ್ಕೂ ಮುಂಚೆ ಆ ಹೆಸರಿನ ಕ್ಷೇತ್ರವೇ ಇಲ್ಲ! ಕೆಪಿಎಚ್‌ಬಿ ಕಾಲೊನಿ, ಜೆಎನ್‌ಟಿಯು ಸುತ್ತಮುತ್ತಲ ಬೀದಿಗಳು, ಸಾಲುಗಟ್ಟಿ ನಿಂತ ಅಪಾರ್ಟ್‌ಮೆಂಟುಗಳು, ಇಷ್ಟೂ ಜನ ಅಲ್ಲಿಯತನಕ ಖೈರತಾಬಾದ್ ಎಂಬ ದೈತ್ಯನ ಹೊಟ್ಟೆಯೊಳಗಿದ್ದರು. ಅವರನ್ನು ಹೊರತೆಗೆದವರು ಯಾರು ಅಂತ ಹುಡುಕಿದರೆ, ಅಬ್ಬಾ, ನಮ್ಮ ಕನಕಪುರ ಲೋಕಸಭಾ ಕ್ಷೇತ್ರವನ್ನು ಅಳಿಸಿದ್ದೂ ಅವರೇ!

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಮರುವಿಂಗಡಣಾ ಆಯೋಗ. 1971ರ ಜನಗಣತಿ ನೋಡಿ ಎಳೆದಿದ್ದ ಗಡಿಗಳ ಮೇಲೇ ದೇಶ 2004ರವರೆಗೂ ಚುನಾವಣೆ ನಡೆಸಿತು. ಅಷ್ಟರಲ್ಲಿ ಹೈದರಾಬಾದೂ ಬೆಂಗಳೂರೂ ಊದಿಕೊಂಡು ಎಲ್ಲಿಗೆ ಮುಟ್ಟಿದ್ದವು! ಕನಕಪುರ ಲೋಕಸಭೆಗೆ ಸೇರಿದ್ದ ಉತ್ತರಹಳ್ಳಿ ಒಂದೇ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೆನಿಸಿಕೊಂಡಿತ್ತು. ರಾಗಿ ಹೊಲದ ರೈತನೂ ಬೆಂಗಳೂರಿನ ಬಡಾವಣೆಯ ಬಾಡಿಗೆದಾರನೂ ಒಬ್ಬನೇ ಸಂಸದನನ್ನು ಆರಿಸಬೇಕಿತ್ತು. 2008ರಲ್ಲಿ ಆಯೋಗದ ಗೆರೆಗಳು ಜಾರಿಗೆ ಬಂದವು. ಕನಕಪುರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಅತ್ತ ಮಲ್ಕಾಜ್‌ಗಿರಿ ಎಂಬ ಹೊಸ ಲೋಕಸಭಾ ಕ್ಷೇತ್ರ, ಅದರೊಳಗೆ ಕೂಕಟ್‌ಪಲ್ಲಿ ಎಂಬ ಹೊಸ ವಿಧಾನಸಭಾ ಕ್ಷೇತ್ರ.

ಕನಕಪುರದ ಕೊನೆಯ ತೀರ್ಪು ನೆನಪಿದೆಯಲ್ಲ? 1996ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ಮೊದಲ ಸಲ ಲೋಕಸಭೆಗೆ ಕಳಿಸಿದ ಕ್ಷೇತ್ರ ಅದು. 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ದೇವೇಗೌಡರು ಗೆದ್ದರು. ಎರಡೇ ವರ್ಷ. 2004ರಲ್ಲಿ ಅದೇ ಮತದಾರರು ಮಾಜಿ ಪ್ರಧಾನಿಯನ್ನು ಮೂರನೇ ಸ್ಥಾನಕ್ಕೆ ದೂಡಿ, ಪತ್ರಕರ್ತೆಯಾಗಿದ್ದ ತೇಜಸ್ವಿನಿಯವರನ್ನು ಆರಿಸಿಬಿಟ್ಟರು! ಹಾಸನದಲ್ಲೂ ನಿಂತಿದ್ದರಿಂದ ಗೌಡರು ಸಂಸತ್ತಿಗೇನೋ ಹೋದರು. ಕನಕಪುರ ಮಾತ್ರ ಮತ್ತೆ ಓಟು ಹಾಕುವ ಹೊತ್ತಿಗೆ ಕನಕಪುರವಾಗಿ ಉಳಿದಿರಲಿಲ್ಲ.

ಇನ್ನು ಕೂಕಟ್‌ಪಲ್ಲಿಯ ಮೊದಲ ತೀರ್ಪು ಕೇಳಿ. ಐಎಎಸ್ ಬಿಟ್ಟು ಬಂದ ಜಯಪ್ರಕಾಶ್ ನಾರಾಯಣ್ ಅವರ ಲೋಕಸತ್ತಾ ಪಕ್ಷ 2009ರಲ್ಲಿ ರಾಜ್ಯದ ಉದ್ದಗಲಕ್ಕೂ ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. ಅವಿಭಜಿತ ಆಂಧ್ರದ 294 ಸ್ಥಾನಗಳಲ್ಲಿ ಅದಕ್ಕೆ ದಕ್ಕಿದ್ದು ಒಂದು. ಅದು ಇದೇ! ಇಡೀ ವಿಧಾನಸಭೆಯಲ್ಲಿ ಪಕ್ಷವೂ ಅವರೊಬ್ಬರೇ, ನಾಯಕರೂ ಅವರೊಬ್ಬರೇ. ಹಳೆಯ ಗಡಿಯಲ್ಲಿ ಇದು ಆಗುತ್ತಿತ್ತೇ? ನನಗಂತೂ ನಂಬಿಕೆಯಿಲ್ಲ. ಖೈರತಾಬಾದಿನ ಲಕ್ಷಾಂತರ ಓಟುಗಳ ನಡುವೆ ಈ ಬಡಾವಣೆಗಳ ದನಿ ಪ್ರತ್ಯೇಕವಾಗಿ ಕೇಳಿಸುವುದೇ ಕಷ್ಟವಿತ್ತು.

ಮುಂದಿನದು ಸಿನಿಮಾ ಕಥೆಯವರಿಗೂ ಹೊಳೆಯದ ತಿರುವು. 2014ರಲ್ಲಿ ತೆಲುಗು ದೇಶಂನಿಂದ ಗೆದ್ದ ಮಾಧವರಂ ಕೃಷ್ಣರಾವ್ ಆಮೇಲೆ ಟಿಆರ್‌ಎಸ್ ಸೇರಿದರು. 2018ರಲ್ಲಿ ಅವರೆದುರು ತೆಲುಗು ದೇಶಂ ನಿಲ್ಲಿಸಿದ್ದು ಎನ್‌ಟಿಆರ್ ಮೊಮ್ಮಗಳು ನಂದಮೂರಿ ಸುಹಾಸಿನಿಯವರನ್ನು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರು ತುಂಬಿರುವ ಜಾಗ, ಎನ್‌ಟಿಆರ್ ಕುಡಿ, ಇನ್ನೇನು ಬೇಕು? ಸೋತರು! 2023ರಲ್ಲೂ ಕೃಷ್ಣರಾವ್ ಅವರೇ.

ಹೀಗೆ ನೆಲೆಸಿದವರಿಗೆ ತಮ್ಮ ಊರಿನ ನಂಟು ಎಷ್ಟು ಗಟ್ಟಿ ಎಂದರೆ, 2024ರ ಮೇ 13ರಂದು ಆಂಧ್ರ ವಿಧಾನಸಭೆಗೂ ತೆಲಂಗಾಣದ ಲೋಕಸಭಾ ಸ್ಥಾನಗಳಿಗೂ ಒಂದೇ ದಿನ ಮತದಾನ ಬಿದ್ದಾಗ, ಹೈದರಾಬಾದಿನಿಂದ ವಿಜಯವಾಡದ ಕಡೆಗೆ ಸಂಕ್ರಾಂತಿ ಹಬ್ಬಕ್ಕೆ ಹೊರಡುವಂಥ ಗುಳೆಯೇ ಹೊರಟಿತು. ಬಸ್ಸು, ರೈಲು, ಟೋಲ್ ಗೇಟು, ಎಲ್ಲೆಲ್ಲೂ ಊರಿಗೆ ಓಟು ಹಾಕಲು ಹೊರಟವರು.

ದೊಡ್ಡ ಕ್ಷೇತ್ರಗಳನ್ನು ಒಡೆಯಲು ಹೊರಟ ಗೆರೆ ಹುಟ್ಟಿಸಿದ ಮಲ್ಕಾಜ್‌ಗಿರಿಯ ಗತಿ ನೋಡಿ, ನಗಬೇಕೋ ಬೆರಗಾಗಬೇಕೋ! 2019ರ ಹೊತ್ತಿಗೆ ಅಲ್ಲಿ 31 ಲಕ್ಷಕ್ಕೂ ಹೆಚ್ಚು ಮತದಾರರು, ದೇಶದಲ್ಲೇ ಅತಿ ಹೆಚ್ಚು. ಲಕ್ಷದ್ವೀಪದಲ್ಲಿ ಸುಮಾರು 55 ಸಾವಿರ. ಎರಡಕ್ಕೂ ಒಬ್ಬೊಬ್ಬನೇ ಸಂಸದ! 2018ರ ಡಿಸೆಂಬರಿನಲ್ಲಿ ಕೊಡಂಗಲ್‌ನಲ್ಲಿ ಸೋತಿದ್ದ ರೇವಂತ್ ರೆಡ್ಡಿ, ಆರು ತಿಂಗಳೊಳಗೆ ಈ ಮಹಾಕ್ಷೇತ್ರದಲ್ಲಿ 11 ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಪಾರಾದರು. 2023ರ ಡಿಸೆಂಬರ್ 7ರಂದು ತೆಲಂಗಾಣದ ಮುಖ್ಯಮಂತ್ರಿಯಾದರು.